ಆವಿಯಾದದ್ದರ ಗುರುತು

ಬಿಳಿ ಟೈಲಿನ ಮೇಲೆ ಬಿದ್ದ ನೀಲಿ ಶಾಯಿಯ ಹನಿ ಒಣಗಲು ಹೆಚ್ಚು ಹೊತ್ತು ಬೇಡ. ಬಿದ್ದ ಕೂಡಲೇ ದುಂಡಗೆ ಹರಡುತ್ತದೆ; ಅಂಚು ಕಡುವಾಗುತ್ತದೆ, ನಡು ತೆಳುವಾಗುತ್ತದೆ. ಪಕ್ಕದಲ್ಲಿ ಬಣ್ಣವಿಲ್ಲದ ಬರಿಯ ಸ್ಪಿರಿಟಿನ ಹನಿ ಬಿಟ್ಟರೆ ನೀಲಿ ಹಿಂದೆ ಸರಿಯುತ್ತದೆ, ಸರಿದಲ್ಲೆಲ್ಲ ಎಳೆಎಳೆಯಾಗಿ ಕವಲೊಡೆಯುತ್ತದೆ, ನಾವು ಎಣಿಸಿರದ ದಡವೊಂದನ್ನು ತಾನೇ ಕಟ್ಟಿಕೊಳ್ಳುತ್ತದೆ. ಅಷ್ಟರಲ್ಲಿ ಘಾಟು ಮೂಗಿಗೆ ತಟ್ಟಿ ಮಾಯವಾಗಿರುತ್ತದೆ. ಮುಟ್ಟಿದರೆ ಟೈಲು ಒಣಗಿದೆ, ತುಸು ತಣ್ಣಗಿದೆ. ಬಣ್ಣ ಇಲ್ಲೇ ಇದೆ. ಬಣ್ಣವನ್ನು ಹೊತ್ತು ತಂದದ್ದು ಇಲ್ಲ.

ನನ್ನನ್ನು ಈ ಕೆಲಸದತ್ತ ಎಳೆದದ್ದು ಬಣ್ಣಕ್ಕಿಂತ ಹೆಚ್ಚಾಗಿ ಆ ಇಲ್ಲವಾಗುವಿಕೆ.

ಆಲ್ಕೋಹಾಲ್ ಇಂಕ್ ಎಂದು ಅಂಗಡಿಯಲ್ಲಿ ಸಿಗುವುದು ಮದ್ಯಸಾರದಲ್ಲಿ ಕರಗಿಸಿದ ಬಣ್ಣ, ಜೊತೆಗೆ ಅದನ್ನು ಅಂಟಿಸಿ ನಿಲ್ಲಿಸುವಷ್ಟು ರಾಳ. ಕಾಗದದ ಮೇಲಾದರೆ ಶಾಯಿ ಒಳಗಿಳಿದುಬಿಡುತ್ತದೆ. ಟೈಲಿನ ಹೊಳಪಿನೊಳಕ್ಕೆ ಅದು ಇಳಿಯಲಾರದು. ಎಲ್ಲವೂ ಮೇಲೆಯೇ ನಡೆಯಬೇಕು, ನಮ್ಮ ಕಣ್ಣೆದುರಿಗೇ ನಡೆಯಬೇಕು. ಬೆರಳಿನ ಜಿಡ್ಡು ಒಂದಿಷ್ಟು ತಾಗಿದ್ದರೂ ಬಣ್ಣ ಅಲ್ಲಿಗೆ ಬಂದು ಮುದುಡುತ್ತದೆ. ಹಾಗಾಗಿ ಮೊದಲು ಟೈಲನ್ನು ಸ್ಪಿರಿಟಿನಲ್ಲೇ ಒರೆಸಿಕೊಳ್ಳಬೇಕು. ಆಮೇಲೆ ಹನಿಸುವುದು, ಊದುವುದು, ಓರೆ ಮಾಡಿ ಹಿಡಿಯುವುದು. ಕುಂಚ ಹಿಡಿದು ಗೆರೆ ಎಳೆಯಲು ಹೊರಟವರಿಗೆ ಈ ಶಾಯಿ ಒಗ್ಗುವುದಿಲ್ಲ. ಕೈ ಹೇಳಿದ್ದನ್ನು ಅದು ಅರ್ಧ ಮಾತ್ರ ಕೇಳುತ್ತದೆ. ಉಳಿದರ್ಧ ಗಾಳಿಗೆ ಬಿಟ್ಟದ್ದು.

ಗಾಳಿಗೆ ಬಿಟ್ಟದ್ದು ಎಂದೆ. ಆದರೆ ಅಲ್ಲಿ ನಡೆಯುವುದು ಕಟ್ಟುನಿಟ್ಟಾದ ವ್ಯವಹಾರ. ದ್ರವದ ಮೈಗೆ ತನ್ನನ್ನು ತಾನು ಬಿಗಿದುಕೊಳ್ಳುವ ಸೆಳೆತವಿರುತ್ತದೆ. ನೀರಿನಲ್ಲಿ ಆ ಬಿಗಿತ ಹೆಚ್ಚು. ಅದನ್ನು 72 ಎಂದು ಅಳೆದರೆ ಮದ್ಯಸಾರದಲ್ಲಿ 22ರ ಆಸುಪಾಸು. ಮದ್ಯಸಾರ ಆರಿಹೋದ ಕಡೆ ಬಿಗಿತ ಏರುತ್ತದೆ, ಇನ್ನೂ ಉಳಿದಿರುವ ಕಡೆ ಇಳಿದಿರುತ್ತದೆ, ದ್ರವ ಸಡಿಲಿನಿಂದ ಬಿಗಿಯ ಕಡೆಗೆ ಹರಿಯುತ್ತದೆ. ಲಾರ್ಡ್ ಕೆಲ್ವಿನ್‌ನ ಅಣ್ಣ ಜೇಮ್ಸ್ ಥಾಮ್ಸನ್ 1855ರಲ್ಲಿ ದ್ರಾಕ್ಷಾರಸದ ಬಟ್ಟಲಿನ ಒಳಗೋಡೆಯಲ್ಲಿ ಇಳಿಯುವ ಹನಿಗಳನ್ನು ನೋಡಿ ಇದನ್ನು ವಿವರಿಸಿದ. ಹತ್ತು ವರ್ಷದ ಮೇಲೆ ಇಟಲಿಯ ಕಾರ್ಲೊ ಮರಂಗೋನಿ ಬರೆದ ಪ್ರಬಂಧದಿಂದ ಆ ಹರಿವಿಗೆ ಮರಂಗೋನಿಯ ಹೆಸರೇ ನಿಂತಿತು. ಅಂಚಿನ ಕಡುಗೆರೆಯ ಕಥೆ ಇನ್ನೂ ಈಚಿನದು. ಹನಿಯ ಅಂಚು ಟೈಲನ್ನು ಕಚ್ಚಿ ಹಿಡಿದಿರುತ್ತದೆ. ಅಲ್ಲಿ ದ್ರವ ತೆಳು, ಬೇಗ ಆರುತ್ತದೆ. ಆರಿದ್ದನ್ನು ತುಂಬಲು ನಡುವಿನಿಂದ ದ್ರವ ಅಂಚಿಗೆ ಹರಿಯುತ್ತದೆ, ಬಣ್ಣವನ್ನೂ ಎಳೆದೊಯ್ದು ಅಲ್ಲಿ ಬಿಡುತ್ತದೆ. ಬೆಳಗಿನ ಕಾಫಿಯ ಹನಿ ಮೇಜಿನ ಮೇಲೆ ಒಣಗಿ ಉಳಿಸುವ ಕಂದು ಬಳೆಯೂ ಇದೇ. ಎಷ್ಟು ತಲೆಮಾರು ಅದನ್ನು ಒರೆಸಿ ಹಾಕಿರಬಹುದು! ಅದರ ಕಾರಣವನ್ನು ಷಿಕಾಗೋ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಸರಿಯಾಗಿ ಬಿಡಿಸಿ ಹೇಳಿದ್ದು 1997ರಲ್ಲಿ. ಹೋಗುತ್ತಿರುವುದು ಹೋಗುತ್ತಲೇ ಚಿತ್ರ ಬರೆಯುತ್ತದೆ ಎಂಬುದನ್ನು ಅವರು ಲೆಕ್ಕ ಹಾಕಿ ತೋರಿಸಿದರು.

ಈ ಮದ್ಯಸಾರ ನಮ್ಮ ಮಂಡ್ಯ ಸೀಮೆಗೆ ಪರಕೀಯವಲ್ಲ. ಶಾಯಿಯ ಬಾಟಲಿಯಲ್ಲಿರುವುದು ಹೆಚ್ಚಾಗಿ ಪೆಟ್ರೋಲಿಯಂ ಮೂಲದ ಐಸೊಪ್ರೊಪೈಲ್; ಅದರ ಒಡಹುಟ್ಟಾದ ಎಥೆನಾಲ್ ಹುಟ್ಟುವುದು ಇಲ್ಲಿಯ ಗದ್ದೆಯಲ್ಲಿ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ನಾಲೆ ಹರಿದು ಬಯಲು ಹಸಿರಾಯಿತು, ಕಬ್ಬು ಬಂತು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, ಮುಂದೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆ. ಸಕ್ಕರೆ ಹರಳುಗಟ್ಟಿದ ಮೇಲೆ ಉಳಿಯುವ ಕಪ್ಪು ಮಂದ ದ್ರವವೇ ಕಾಕಂಬಿ. ಅದಕ್ಕೆ ನೀರು ಸೇರಿಸಿ, ಹುದುಗು ಹಾಕಿ, ಹುಳಿಬರಿಸಿ ಕಾಯಿಸಿದರೆ 78 ಡಿಗ್ರಿಯ ಹೊತ್ತಿಗೆ ಮದ್ಯಸಾರ ಆವಿಯಾಗಿ ಮೇಲೇಳುತ್ತದೆ. ತಣಿಸಿದರೆ ಹನಿಯಾಗಿ ಇಳಿಯುತ್ತದೆ. ಹೋಗುವುದು ಅದರ ಹುಟ್ಟುಗುಣ. ಒಮ್ಮೆ ಆವಿಯಾಗಿಯೇ ಅದು ಹುಟ್ಟಿದ್ದು.

ಕಾರ್ಖಾನೆಗಿಂತ ಆಲೆಮನೆ ಈ ಮಾತನ್ನು ಬಾಯಿಬಿಟ್ಟು ಹೇಳುತ್ತದೆ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯ ದಾರಿಯಲ್ಲಿ ಹೋಗುವವರಿಗೆ ಅದು ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಗಾಣದಲ್ಲಿ ಅರೆದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಅರೆದ ಕಬ್ಬಿನ ಸಿಪ್ಪೆಯೇ ಒಣಗಿ ಒಲೆಗೆ ಉರಿಯಾಗುತ್ತದೆ. ಸೂರಿನ ಸಂದಿಯಿಂದ ಬಿಳಿಯ ಆವಿ ಹೊರಗೆ ನುಗ್ಗುತ್ತಲೇ ಇರುತ್ತದೆ. ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ; ಉಳಿದದ್ದರಲ್ಲಿ ಸಿಪ್ಪೆ ಬಿಟ್ಟರೆ ಬಹುಪಾಲು ಆ ಆವಿಯೇ. ನೊರೆ ತೆಗೆಯುತ್ತ, ಪಾಕವನ್ನು ಬೆರಳಲ್ಲಿ ಹಿಡಿದು ನೋಡುತ್ತ, ಹದ ಬಂತು ಎಂದು ಕೊಪ್ಪರಿಗೆ ಇಳಿಸುವವನ ಕಣ್ಣು ನೀರು ಎಷ್ಟು ಹೋಗಿದೆ ಎಂಬುದನ್ನೇ ಅಳೆಯುತ್ತಿರುತ್ತದೆ. ಒಂದಿಷ್ಟು ಹೆಚ್ಚು ಹೋದರೆ ಸೀದು ಕಪ್ಪಾಗುತ್ತದೆ, ಕಡಿಮೆ ಹೋದರೆ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಶಾಯಿ ಹನಿಸುವವರಿಗೂ ಬೇಕಾದದ್ದು ಈ ಹದವೇ. ಎರಡನೆಯ ಹನಿಯನ್ನು ಮೊದಲನೆಯದು ಪೂರ್ತಿ ಆರುವ ಮುನ್ನ ಬಿಡಬೇಕೋ, ಆರಿದ ಮೇಲೋ ಎಂಬ ಒಂದು ತೀರ್ಮಾನದಲ್ಲಿ ಚಿತ್ರದ ಅರ್ಧ ಹಣೆಬರಹ ಇರುತ್ತದೆ. ಅದನ್ನು ಯಾರೂ ಮಾತಿನಲ್ಲಿ ಕಲಿಸಲಾರರು. ಪಕ್ಕದಲ್ಲಿ ಕೂತು ನೋಡಬೇಕು.

ಇನ್ನು ಟೈಲು. ಅದು ಗಟ್ಟಿ ವಸ್ತು, ಹೋಗುವ ಜಾತಿಯದಲ್ಲ ಅನಿಸುತ್ತದೆ. ಆದರೆ ಅದು ಟೈಲಾದದ್ದೂ ಕಳೆದುಕೊಂಡೇ. ಬಿಳಿ ಜೇಡಿಯ ಮುಖ್ಯ ಅಂಶವಾದ ಕೇವೊಲಿನೈಟ್ ತನ್ನ ತೂಕದ ಸುಮಾರು ಏಳನೆಯ ಒಂದು ಪಾಲು ನೀರನ್ನು ಮೈಯೊಳಗೆ ಕಟ್ಟಿಕೊಂಡಿರುತ್ತದೆ. ಬಿಸಿಲಿಗೆ ಒಣಗಿಸಿದರೆ ಆ ನೀರು ಬಿಡುವುದಿಲ್ಲ. ಗೂಡಿನಲ್ಲಿ 500, 600 ಡಿಗ್ರಿ ದಾಟುವಾಗ ಬಿಡುತ್ತದೆ; ಆಮೇಲೆ ಎಷ್ಟು ನೆನೆಸಿದರೂ ಅದು ಮತ್ತೆ ಮಣ್ಣಾಗುವುದಿಲ್ಲ. ಕುಂಬಾರನ ಮಡಕೆಯೂ ಹಾಗೇ, ಗುಜರಾತಿನ ಮೊರ್ಬಿಯಿಂದ ಲಾರಿಯಲ್ಲಿ ಬರುವ ಟೈಲೂ ಹಾಗೇ.

ಬಿಳಿ ಮಣ್ಣು ಎಂದ ಕೂಡಲೇ ಪಾಂಡವಪುರ ತಾಲ್ಲೂಕಿನವರ ಮನಸ್ಸು ಮೇಲುಕೋಟೆಗೆ ಹೋಗುತ್ತದೆ. ಅಲ್ಲಿ ಸಿಗುವ ನುಣುಪು ಬಿಳಿ ಜೇಡಿ ಶ್ರೀವೈಷ್ಣವರ ಹಣೆಯ ನಾಮಕ್ಕೆ ಬಳಕೆಯಾಗುತ್ತ ಬಂದಿದೆ. ಕಾಶಿಯವರೆಗೂ ಹೋಗುತ್ತಿತ್ತೆಂದು ಹಳೆಯ ಗೆಜೆಟಿಯರ್ ಬರೆದಿದೆ. ಗರುಡ ತಂದದ್ದೆಂದು ಒಂದು ನಂಬಿಕೆ, ರಾಮಾನುಜಾಚಾರ್ಯರು ಕಂಡುಕೊಟ್ಟದ್ದೆಂದು ಇನ್ನೊಂದು. ಬೆಳಿಗ್ಗೆ ಆ ಮಣ್ಣನ್ನು ನೀರಿನಲ್ಲಿ ತೇಯ್ದು ಹಣೆಗೆ ಎಳೆದಾಗ ಗೆರೆ ಮೊದಲು ಮಂಕಾಗಿ, ಕಂಡೂ ಕಾಣದಂತೆ ಇರುತ್ತದೆ. ನೀರು ಆರಿದಂತೆ ಬಿಳುಪು ಏಳುತ್ತದೆ. ಬಿಳುಪು ಮಣ್ಣಿನದೇ, ಅದನ್ನು ಕಾಣಿಸಿದ್ದು ನೀರಿನ ನಿರ್ಗಮನ. ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಕವಿ ಪು.ತಿ.ನ. ಕಾವ್ಯಕ್ಕೆ ಬೇಕಾದ ಎರಡು ಶಕ್ತಿಗಳನ್ನು ಹೇಳುವಾಗ ಭವನಿಮಜ್ಜನ ಚಾತುರ್ಯದ ಜೊತೆಗೆ ಲಘಿಮಾ ಕೌಶಲವನ್ನು ಇಟ್ಟರು: ಬದುಕಿನಲ್ಲಿ ಮುಳುಗಬೇಕು, ಹಗುರಾಗಿ ಏಳಲೂ ಬರಬೇಕು. ಆ ಬೆಟ್ಟದಲ್ಲಿ ಬೆಳೆದವರಿಗೆ ಇದು ಹೊಳೆದದ್ದು ನನಗೆ ಸಹಜವೆನಿಸುತ್ತದೆ.

ಟೈಲಿನ ಹೊಳಪು ಗಾಜಿನ ಪದರ. ಫೆಲ್ಡ್‌ಸ್ಪಾರ್, ಬೆಣಚು ಮುಂತಾದ ಕಲ್ಲುಗಳ ಪುಡಿ ಕರಗಿ ಆದದ್ದು. ಬಿಳುಪಿಗೆ ಜಿರ್ಕಾನ್ ಬೆರೆಸುತ್ತಾರೆ. ಫೆಲ್ಡ್‌ಸ್ಪಾರ್, ಬೆಣಚು ನಮ್ಮ ನೆಲದಲ್ಲೂ ಇವೆ. ಶ್ರೀರಂಗಪಟ್ಟಣದ ಕಡೆಯ ಮರಳಗಾಲ, ಅಲ್ಲಾಪಟ್ಟಣದ ಸುತ್ತ 1,600 ಟನ್ ಲಿಥಿಯಂ ಇದೆಯೆಂದು ಅಣು ಖನಿಜ ನಿರ್ದೇಶನಾಲಯ ಅಂದಾಜಿಸಿದಾಗ ಅದು ದೊಡ್ಡ ಸುದ್ದಿಯಾಯಿತು. ಆ ಲಿಥಿಯಂ ಇರುವುದು ಪೆಗ್ಮಟೈಟ್ ಎಂಬ ಶಿಲೆಯಲ್ಲಿ. ಆ ಶಿಲೆಯ ಮುಖ್ಯ ಸಾಮಗ್ರಿ ಫೆಲ್ಡ್‌ಸ್ಪಾರ್ ಮತ್ತು ಬೆಣಚು. ಭೂಮಿಯೊಳಗೆ ಶಿಲಾರಸ ತಣಿಯುತ್ತ ಬಂದಾಗ ನೀರಿನಂಶ ಹೆಚ್ಚಿದ್ದ ಕೊನೆಯ ಪಾಲು ಹೀಗೆ ದೊಡ್ಡ ದೊಡ್ಡ ಹರಳುಗಳಾಗಿ ನಿಲ್ಲುತ್ತದೆ. ನೀರು ಹೋಯಿತು, ಹರಳು ಉಳಿಯಿತು. ನಮ್ಮ ಕಾಲ ಕೆಳಗೆ, ನಮಗಿಂತ ಎಷ್ಟೋ ಕೋಟಿ ವರ್ಷ ಮುಂಚೆ.

ಕಲ್ಲಿಗೂ ಒಂದು ಹದವುಂಟು. ಕೃಷ್ಣರಾಜಪೇಟೆಯ ಹೊಸಹೊಳಲಿನಲ್ಲಿ 1250ರ ಸುಮಾರಿಗೆ ಕಟ್ಟಿದ ಲಕ್ಷ್ಮೀನಾರಾಯಣ ದೇಗುಲವಿದೆ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಡಸಾಗುತ್ತದೆಂದು ಶಿಲ್ಪ ಬಲ್ಲವರು ಹೇಳುತ್ತಾರೆ. ಉಗುರಿನಷ್ಟು ಗಾತ್ರದ ಹಾರದ ಮಣಿಗಳ ನಡುವೆಯೂ ಬಿಡುವು ಕೊರೆದ ಆ ಕೈಗಳಿಗೆ ಕಲ್ಲು ಎಷ್ಟು ಹೊತ್ತು ಮಾತು ಕೇಳುತ್ತದೆಂಬ ಅರಿವಿದ್ದಿರಬೇಕು.

ನಾಗಮಂಗಲಕ್ಕೆ ಬಂದರೆ ಇಡೀ ವಿಷಯ ಇನ್ನೂ ಆಳಕ್ಕೆ ಇಳಿಯುತ್ತದೆ. ಸೌಮ್ಯಕೇಶವನ ಊರು ಕಂಚು ಹಿತ್ತಾಳೆಯ ಕೆಲಸಕ್ಕೂ ಹೆಸರಾದದ್ದು. ವಿಗ್ರಹ ಎರಕ ಹೊಯ್ಯುವ ಹಳೆಯ ಕ್ರಮ ಗೊತ್ತಿದ್ದವರಿಗೂ ಪ್ರತಿ ಸಲ ಅದು ಹೊಸದಾಗಿ ಬೆರಗು ಹುಟ್ಟಿಸುತ್ತದೆ. ಶಿಲ್ಪಿ ಮೊದಲು ದೇವರನ್ನು ಮಾಡುವುದು ಜೇನುಮೇಣದಲ್ಲಿ, ರಾಳ ಬೆರೆಸಿ. ಕಣ್ಣು, ಬೆರಳು, ಕಿರೀಟದ ಚುಕ್ಕೆ ಎಲ್ಲವೂ ಮೇಣದಲ್ಲೇ. ಅದರ ಮೇಲೆ ನುಣ್ಣನೆಯ ಮಣ್ಣಿನ ತೆಳು ಲೇಪ, ಆಮೇಲೆ ಒರಟು ಮಣ್ಣು, ಒಂದರ ಮೇಲೊಂದು. ಒಣಗಿದ ಮೇಲೆ ಬೆಂಕಿಗೆ ಇಟ್ಟಾಗ ಮೇಣ ಕರಗಿ ಬಿಟ್ಟ ದಾರಿಯಲ್ಲಿ ಹೊರಗೆ ಸುರಿಯುತ್ತದೆ. ಅಷ್ಟು ದಿನ ತಿದ್ದಿ ತೀಡಿದ ಮೂರ್ತಿ ಆ ಗಳಿಗೆಯಲ್ಲಿ ಇಲ್ಲ. ಮಣ್ಣಿನ ಮುದ್ದೆಯೊಳಗೆ ಅದರ ಆಕಾರದ ಬಯಲಷ್ಟೇ ಇದೆ. ಆ ಬಯಲಿಗೆ ಕಾದ ಲೋಹ ಇಳಿಯುತ್ತದೆ. ತಣಿದ ಮೇಲೆ ಮಣ್ಣನ್ನೂ ಒಡೆಯುತ್ತಾರೆ. ಒಂದು ಅಚ್ಚಿನಿಂದ ಒಂದೇ ವಿಗ್ರಹ. ಇನ್ನೊಂದು ಬೇಕಾದರೆ ಮತ್ತೆ ಮೇಣದಿಂದಲೇ ತೊಡಗಬೇಕು. ನಾವು ಕೈಮುಗಿಯುವ ಮುಖದಲ್ಲಿ ಬೆರಳು ಮುಟ್ಟಿದ ಮೇಣದ ಒಂದು ಕಣವೂ ಇಲ್ಲ, ಆ ಬೆರಳಿನ ಒತ್ತು ಮಾತ್ರ ಇದೆ. ಇದಕ್ಕಿಂತ ದೊಡ್ಡ ವಿಸ್ಮಯವನ್ನು ಕೈಗೆಲಸದ ಲೋಕದಲ್ಲಿ ನಾನು ಕಾಣೆ.

ಟೈಲಿನ ಮೇಲಿನ ಶಾಯಿಯನ್ನು ಎರಕದ ಪಕ್ಕದಲ್ಲಿಡುವುದು ಅತಿಯಾಯಿತೆಂದು ಯಾರಿಗಾದರೂ ಅನಿಸಬಹುದು. ಶ್ರಮದಲ್ಲಿ ಎರಡಕ್ಕೂ ಹೋಲಿಕೆಯಿಲ್ಲ, ಒಪ್ಪುತ್ತೇನೆ. ಒಂದು ತಲೆಮಾರುಗಳ ವಿದ್ಯೆ, ಇನ್ನೊಂದು ಒಂದು ಮಧ್ಯಾಹ್ನದ ಆಟ. ಆದರೆ ಕಣ್ಣೆದುರು ಆರಿಹೋಗುವ ಮದ್ಯಸಾರವನ್ನು ಹತ್ತಿರದಿಂದ ನೋಡಿದ ಮೇಲೆಯೇ ನನಗೆ ಮೇಣದ ತ್ಯಾಗ ಕಾಣಲು ತೊಡಗಿದ್ದು. ಸಣ್ಣ ಕೆಲಸ ದೊಡ್ಡ ಕೆಲಸವನ್ನು ನೋಡುವ ಕಣ್ಣು ಕೊಟ್ಟರೆ ಅದರ ಋಣ ಸಣ್ಣದಲ್ಲ.

ಇಷ್ಟೆಲ್ಲ ಮನಸ್ಸಿನಲ್ಲಿಟ್ಟುಕೊಂಡು ದರಿಯಾ ದೌಲತ್‌ಗೆ ಹೋಗಬೇಕು. ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಕಾವೇರಿಯ ಪಕ್ಕದ ತೋಟದಲ್ಲಿ, ಟಿಪ್ಪು 1784ರಲ್ಲಿ ಕಟ್ಟಿಸಿದ ತೇಗದ ಮರದ ಅರಮನೆ. ಕಂಬ, ಕಮಾನು, ಮುಚ್ಚಿಗೆ, ಗೋಡೆ ಎಲ್ಲೂ ಬಣ್ಣ ಮುಟ್ಟದ ಗೇಣು ಜಾಗ ಸಿಗುವುದು ಕಷ್ಟ. ಪೂರ್ವದ ಗೋಡೆಯಲ್ಲಿ ಅರಸರ ದರ್ಬಾರುಗಳು. ನಮ್ಮ ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ ಅಲ್ಲಿದ್ದಾರೆ. ಪಶ್ಚಿಮದ ಗೋಡೆಯಲ್ಲಿ ಹೈದರ್ ಮತ್ತು ಟಿಪ್ಪುವಿನ ಮೆರವಣಿಗೆ, ಇನ್ನೊಂದು ಬದಿಗೆ 1780ರ ಪೊಳ್ಳಿಲೂರು ಕದನ: ಗಾಯಗೊಂಡು ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೈಲಿ, ಸುತ್ತ ಕಂಪನಿಯ ಸೈನಿಕರ ಚೌಕ, ಸ್ಫೋಟಿಸುವ ಮದ್ದಿನ ಗಾಡಿ, ಸಾಲುಸಾಲು ಕುದುರೆಗಳು. ಆ ಸಾಲುಗಳ ನಡುವೆ ಕೈಯಲ್ಲಿ ಹೂ ಹಿಡಿದು ಮೂಸುತ್ತ, ಕದನ ತನಗೆ ಸಂಬಂಧಿಸಿದ್ದೇ ಅಲ್ಲವೆಂಬ ಹಾಗೆ ಟಿಪ್ಪು. ಇಲ್ಲಿ ಕೈ ತನ್ನ ಹಿಡಿತವನ್ನು ಎಲ್ಲಿಯೂ ಬಿಟ್ಟಿಲ್ಲ. ಪ್ರತಿ ಕುದುರೆಯ ಕಾಲನ್ನೂ ಯಾರೋ ಎಣಿಸಿ ಬರೆದಿದ್ದಾರೆ. ಟೈಲಿನ ಶಾಯಿಯ ಸ್ವೇಚ್ಛೆಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಆ ಗೋಡೆಯ ಚರಿತ್ರೆಯಲ್ಲಿದೆ. ನಾವು ಇಂದು ನೋಡುವ ಬಣ್ಣ 1784ರದಲ್ಲ. 1799ರ ಮುತ್ತಿಗೆಗೆ ಮುಂಚೆಯೇ ಚಿತ್ರ ಕೆಡಿಸಲ್ಪಟ್ಟಿತ್ತು. ಟಿಪ್ಪು ಮಡಿದ ಮೇಲೆ ಅಲ್ಲಿ ವಾಸವಿದ್ದ ಕರ್ನಲ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಬಳಿಕ ಅದಕ್ಕೆ ಸುಣ್ಣ ಬಳಿಯಲಾಯಿತು, ಚಿತ್ರ ಮಸುಳಿತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ ಮತ್ತೆ ಬರೆಯಿಸಲು ಹೇಳಿದ. ಬರೆದವನು ಮೂಲ ಚಿತ್ರವನ್ನು ನೆನಪಿಟ್ಟುಕೊಂಡಿದ್ದ ಒಬ್ಬ ದೇಶೀ ಚಿತ್ರಗಾರ ಎಂದು ಮೈಸೂರಿನ ಗೆಜೆಟಿಯರ್ ಹೇಳುತ್ತದೆ.

ಈ ಒಂದು ಮಾತಿನ ಮುಂದೆ ನಾನು ಬಹಳ ಹೊತ್ತು ನಿಲ್ಲುತ್ತೇನೆ. ಸುಣ್ಣದ ಕೆಳಗೆ ಚಿತ್ರ ಅಳಿದಿದ್ದ ವರ್ಷಗಳಲ್ಲಿ ಪೊಳ್ಳಿಲೂರಿನ ಕುದುರೆಗಳು ಎಲ್ಲಿದ್ದವು? ಒಬ್ಬ ಮನುಷ್ಯನ ತಲೆಯೊಳಗೆ. ಹುಡುಗನಾಗಿದ್ದಾಗ ನೋಡಿದ್ದನೋ, ಗುರುವಿನ ಪಕ್ಕ ಕೂತು ಬಣ್ಣ ಅರೆದುಕೊಟ್ಟಿದ್ದನೋ. ಅವನು ಗೋಡೆಯ ಎದುರು ನಿಂತು, ಬಿಳಿಯ ಮೇಲೆ ಅದನ್ನು ಮತ್ತೆ ಇಳಿಸಿ, ಹೋದ. ಬೈಲಿಯ ಹೆಸರು ನಮಗೆ ಗೊತ್ತು, ವೆಲ್ಲೆಸ್ಲಿಯದು ಗೊತ್ತು, ಆಜ್ಞೆ ಮಾಡಿದ ಡಾಲ್‌ಹೌಸಿಯದು ಗೊತ್ತು. ಹೊತ್ತು ತಂದವನ ಹೆಸರು ಆ ಗೆಜೆಟಿಯರಿನ ವಾಕ್ಯದಲ್ಲಿ ಇಲ್ಲ. ಶಾಯಿಯ ಮದ್ಯಸಾರ ಹೋಗುವುದು ಅದರ ಸ್ವಭಾವ, ಮೇಣ ಕರಗುವುದು ವಿಧಾನ. ಅವನ ಹೆಸರು ಹೋದದ್ದು ಮಾತ್ರ ನಮ್ಮವರ ಅಲಕ್ಷ್ಯ. ಎಲ್ಲ ಕಣ್ಮರೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ಬೆರಗುಪಡುವುದು ನನ್ನಿಂದಾಗದು. ಕೆಲವಕ್ಕೆ ಬೆರಗು ಸಲ್ಲುತ್ತದೆ, ಕೆಲವಕ್ಕೆ ದುಃಖ.

ದರಿಯಾ ದೌಲತ್‌ನ ಸುತ್ತ ಹಸಿರು ಪರದೆಗಳನ್ನು ಇಳಿಬಿಟ್ಟಿರುತ್ತಾರೆ. ಒಳಗೆ ಕತ್ತಲು, ಏನೂ ಕಾಣುವುದಿಲ್ಲ ಎಂದು ಬಂದವರು ಗೊಣಗುವುದುಂಟು. ಬೆಳಕು ಬಣ್ಣವನ್ನು ತಿನ್ನುತ್ತದೆ, ಅದಕ್ಕೆ ಪರದೆ. ಗೋಡೆಗೆ ಹಚ್ಚುವ ಖನಿಜದ ಪುಡಿಗೇ ಈ ಕಾಳಜಿ ಬೇಕಾದರೆ ಟೈಲಿನ ಶಾಯಿ ಇನ್ನೆಷ್ಟು ಮೆದು. ಅದರಲ್ಲಿರುವ ಬಣ್ಣಗಳು ಹೆಚ್ಚಾಗಿ ಕರಗುವ ಜಾತಿಯವು. ಪಡುವಣ ಕಿಟಕಿಯ ಬಿಸಿಲಿಗಿಟ್ಟರೆ ಗುಲಾಬಿ, ನೇರಳೆ ಬೇಗ ಸೋಲುತ್ತವೆ. ಇನ್ನೊಂದು ಸೋಜಿಗವೂ ಇದೆ. ಒಣಗಿದ ಚಿತ್ರದ ಮೇಲೆ ಸ್ಪಿರಿಟಿನಲ್ಲಿ ಅದ್ದಿದ ಹತ್ತಿ ಆಡಿಸಿದರೆ ಬಣ್ಣವೆಲ್ಲ ಮತ್ತೆ ದ್ರವವಾಗಿ ಎದ್ದು ಬರುತ್ತದೆ, ಟೈಲು ಮೊದಲಿನಂತೆ ಬಿಳಿ. ತಂದಿಟ್ಟದ್ದೇ ತಿರುಗಿ ಬಂದು ಕರೆದರೆ ಬಣ್ಣ ಒಂದು ಮಾತೂ ಆಡದೆ ಹೊರಟು ನಿಲ್ಲುತ್ತದೆ. ಅದನ್ನು ತಡೆಯಬೇಕೆಂದರೆ ಮೇಲೆ ವಾರ್ನಿಷ್ ಸಿಂಪಡಿಸಬೇಕು, ಅದೂ ತೆಳುವಾಗಿ, ಪದರ ಪದರವಾಗಿ. ಸ್ಪಿರಿಟ್ ಇರುವ ವಾರ್ನಿಷನ್ನು ಕುಂಚದಲ್ಲಿ ಎಳೆದರೆ ಚಿತ್ರವೇ ಕದಡುತ್ತದೆ. ಇಷ್ಟು ಮಾಡಿದರೂ ಅದು ಊಟದ ತಟ್ಟೆಯಾಗಲಾರದು, ಅಡುಗೆಮನೆಯ ಒಲೆಯ ಹಿಂದೆ ನಿಲ್ಲಲಾರದು. ಗೋಡೆಯ ನೆರಳಿನಲ್ಲಿ ಇರಲಿ. ನಿಧಾನಕ್ಕೆ ಮಾಸಿದರೆ ಮಾಸಲಿ. ಶಾಶ್ವತವಾಗಿರಬೇಕಾದದ್ದಕ್ಕೆ ನಾಗಮಂಗಲದಲ್ಲಿ ಕಂಚಿದೆ.

ಮನೆ ಕಟ್ಟಿದ ಮೇಲೆ ಉಳಿದ ಬಿಳಿ ಟೈಲುಗಳು ನಮ್ಮ ಊರುಗಳಲ್ಲಿ ಬಹುತೇಕ ಎಲ್ಲರ ಅಟ್ಟದಲ್ಲೂ ಇರುತ್ತವೆ. ಒಂದನ್ನು ಇಳಿಸಿಕೊಳ್ಳಿ. ಕಿಟಕಿ ಬಾಗಿಲು ತೆರೆದಿಡಿ. ದೀಪ, ಊದುಬತ್ತಿ, ಒಲೆ ಹತ್ತಿರವಿರಕೂಡದು, ಸ್ಪಿರಿಟಿನ ಆವಿಗೆ ಕಿಡಿಯೊಂದು ಸಾಕು. ಕೈಗವಸು ಹಾಕಿ. ಮಕ್ಕಳಿದ್ದರೆ ಪಕ್ಕದಲ್ಲೇ ಕೂರಿ. ಏನು ಬರೆಯಬೇಕೆಂದು ಹೇಳಿಕೊಡಬೇಡಿ, ಹನಿ ಆರುವವರೆಗೆ ನೋಡಲು ಮಾತ್ರ ಹೇಳಿ. ಮತ್ತೊಂದು ಮಾತು: ಚಿತ್ರ ಮುಗಿದ ಮೇಲೆ ಟೈಲನ್ನು ತಿರುಗಿಸಿ ಹಿಂಬದಿಯಲ್ಲಿ ಮಾಡಿದವರ ಹೆಸರು, ಊರು, ಇಸವಿ ಬರೆಯಿರಿ. ಹಿಂಬದಿಗೆ ಹೊಳಪಿಲ್ಲ, ಪೆನ್ಸಿಲ್ ಚೆನ್ನಾಗಿ ಹಿಡಿಯುತ್ತದೆ. ಪೆನ್ಸಿಲಿನ ಸೀಸವನ್ನು ಸ್ಪಿರಿಟ್ ಕರಗಿಸಲಾರದು.